ಹೊರ ರೆಕಾರ್ಡರ್ ಕೈಕೊಟ್ಟಾಗ ಮೊದಲು ಎಲ್ಲಿ ನೋಡಬೇಕು

ರಾತ್ರಿ ಎರಡು ದಾಟಿತ್ತು. ಪುತ್ತೂರಿನ ಕಡೆ ಒಂದು ಗದ್ದೆಯಲ್ಲಿ ಬಯಲಾಟ. ಜನರ ಮಧ್ಯದಿಂದ ದೊಂದಿಯ ಬೆಳಕಿನಲ್ಲಿ ಮಹಿಷಾಸುರ ಬರುತ್ತಿದ್ದಾನೆ, ಚೆಂಡೆ ಏರುತ್ತಾ ಇದೆ. ನಾನು ಅವನ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ಹೋದೆ. ಅಷ್ಟರಲ್ಲಿ ಹೊರ ರೆಕಾರ್ಡರಿನ, ಅಂದರೆ ಕ್ಯಾಮೆರಾದ ಚಿತ್ರವನ್ನು ಕೇಬಲ್ ಮೂಲಕ ಪಡೆದು ತನ್ನ ಡಿಸ್ಕಿಗೆ ಬರೆಯುವ ಪೆಟ್ಟಿಗೆಯ, ಪರದೆ ಕಪ್ಪಾಯಿತು. ಒಂದೇ ಸೆಕೆಂಡು. ಚಿತ್ರವೇನೋ ಮತ್ತೆ ಬಂತು, ಆದರೆ ರೆಕಾರ್ಡಿಂಗ್ ನಿಂತಿತ್ತು. ಗಾಬರಿಯಲ್ಲಿ ಮತ್ತೆ ಗುಂಡಿ ಒತ್ತಿದೆ. ಬೆಳಗಾಗುವಷ್ಟರಲ್ಲಿ ಒಂದೇ ಫೈಲ್ ಆಗಬೇಕಿದ್ದ ಆಟ ಒಂಬತ್ತು ತುಂಡಾಗಿತ್ತು.

ಮಾರನೇ ದಿನ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ರೆಕಾರ್ಡರನ್ನು ಬೈದೆ. ಆಮೇಲೆ ಅದರೊಳಗಿನ ಡಿಸ್ಕನ್ನು, ಅಂದರೆ ಎಸ್‌ಎಸ್‌ಡಿಯನ್ನು ಬೈದೆ, ಹೊಸದೊಂದು ಕೊಂಡೆ. ಎರಡೂ ತಪ್ಪು. ಆ ಕಥೆಗೆ ಆಮೇಲೆ ಬರುತ್ತೇನೆ. ಅಂದಿನಿಂದ ಒಂದು ಅಭ್ಯಾಸ ಬಂದಿದೆ. ಏನು ಕೆಟ್ಟಿತು ಎಂದು ಕೇಳುವ ಮೊದಲು ಯಾವಾಗ ಕೆಟ್ಟಿತು ಎಂದು ಕೇಳುತ್ತೇನೆ. ಹೊರ ರೆಕಾರ್ಡರ್ ವಿಷಯದಲ್ಲಿ ಆ ಹೊತ್ತು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಕೊಳ್ಳುವಾಗಲೇ ಆಗುವ ತಪ್ಪು

ಕೆಲವು ದೋಷಗಳಿಗೆ ರಿಪೇರಿಯೇ ಇಲ್ಲ, ಯಾಕೆಂದರೆ ಅವು ದೋಷವೇ ಅಲ್ಲ. ಕ್ಯಾಮೆರಾದ ಪೋರ್ಟು ಏನು ಕೊಡುತ್ತದೋ ಅಷ್ಟನ್ನೇ ರೆಕಾರ್ಡರ್ ಬರೆದುಕೊಳ್ಳುವುದು. ಇದನ್ನು ಮೊದಲೇ ನೋಡದೆ ಕೊಂಡವರು ನನಗೆ ಫೋನ್ ಮಾಡುವುದು ಜಾಸ್ತಿ.

ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ ಸಿನಿಮಾ ಕ್ಯಾಮೆರಾ 4ಕೆ ತೆಗೆದುಕೊಳ್ಳಿ. ಹೆಸರಲ್ಲೇ 4ಕೆ ಇದೆ, ಒಳಗಿನ ಕಾರ್ಡಿಗೆ 4ಕೆ ರಾ (ಸೆನ್ಸರಿನ ಹೆಚ್ಚುಕಡಿಮೆ ಕಚ್ಚಾ ಚಿತ್ರ) ಬರೆಯುತ್ತದೆ. ಆದರೆ ಅದರ ಎಚ್‌ಡಿಎಂಐ ಪೋರ್ಟಿನಿಂದ ಹೊರಗೆ ಬರುವುದು 1080ಪಿ (ಫುಲ್ ಎಚ್‌ಡಿ) ಮಾತ್ರ. ಅದಕ್ಕೆ 4ಕೆ ರೆಕಾರ್ಡರ್ ಸಿಕ್ಕಿಸಿ "4ಕೆ ಬರ್ತಾ ಇಲ್ಲ" ಎಂದು ರಾತ್ರಿಯೆಲ್ಲಾ ಮೆನು ಹುಡುಕಿದರೂ ಸಿಗುವುದಿಲ್ಲ. ಆ ಕ್ಯಾಮೆರಾಕ್ಕೆ ರೆಕಾರ್ಡರ್ ಬೇಕಾಗಿಯೂ ಇಲ್ಲ. ಒಳ್ಳೆಯ ಮಾನಿಟರ್ ಸಾಕು.

ಸೋನಿ ಎ7 ತ್ರೀಯದ್ದು ಇನ್ನೊಂದು ಬಗೆ. 4ಕೆ ಹೊರಗೆ ಬರುತ್ತದೆ, 4:2:2 (ಬಣ್ಣದ ಮಾಹಿತಿ ಹೆಚ್ಚಿರುವ ಬಗೆ) ಕೂಡ ಹೌದು, ಆದರೆ 8 ಬಿಟ್, ಅಂದರೆ ಬಣ್ಣದ ಮೆಟ್ಟಿಲುಗಳು ಕಡಿಮೆ. ರೆಕಾರ್ಡರ್ ಅದನ್ನು 10 ಬಿಟ್ ಪ್ರೊರೆಸ್ (ಎಡಿಟಿಂಗ್‌ಗೆ ಬಳಸುವ ವಿಡಿಯೊ ಫಾರ್ಮ್ಯಾಟ್) ಫೈಲಿನಲ್ಲಿ ಇಡುತ್ತದೆ. ಒಂದು ಸೇರು ಅಕ್ಕಿಯನ್ನು ಎರಡು ಸೇರಿನ ಪಾತ್ರೆಗೆ ಸುರಿದರೆ ಅಕ್ಕಿ ಹೆಚ್ಚಾಗುತ್ತದಾ? ಲಾಗ್‌ನಲ್ಲಿ (ಆಮೇಲೆ ಬಣ್ಣ ತಿದ್ದಲೆಂದು ಮಂಕಾಗಿ ತೆಗೆಯುವ ಬಗೆಯಲ್ಲಿ) ತೆಗೆದ ಆಕಾಶದಲ್ಲಿ ಪಟ್ಟೆಪಟ್ಟೆ ಕಂಡರೆ ಅದು ರೆಕಾರ್ಡರಿನ ದೋಷವಲ್ಲ.

ರಾ ಬೇಕು ಅನ್ನುವವರು ಪೋರ್ಟಿನ ಹೆಸರನ್ನೇ ನೋಡಬೇಕು. ಸೋನಿ ಎಫ್‌ಎಕ್ಸ್3 ರಾ ಕೊಡುವುದು ಎಚ್‌ಡಿಎಂಐನಲ್ಲಿ. ಎಫ್‌ಎಕ್ಸ್6 ಕೊಡುವುದು ಎಸ್‌ಡಿಐನಲ್ಲಿ, ಅದು ವೃತ್ತಿಪರ ಕ್ಯಾಮೆರಾಗಳ ಇನ್ನೊಂದು ಬಗೆಯ ಪೋರ್ಟು. ಅಟೋಮಾಸ್ ನಿಂಜಾ ವಿಯ ಮೈಮೇಲೆ ಇರುವುದು ಎಚ್‌ಡಿಎಂಐ ಮಾತ್ರ. ಬ್ಲ್ಯಾಕ್‌ಮ್ಯಾಜಿಕ್ ವಿಡಿಯೊ ಅಸಿಸ್ಟ್ 12ಜಿಯಲ್ಲಿ ಎರಡೂ ಇವೆ, ಆದರೆ ಯಾವ ಕ್ಯಾಮೆರಾದ ರಾ ಅನ್ನು ಯಾವ ರೆಕಾರ್ಡರ್ ತೆಗೆದುಕೊಳ್ಳುತ್ತದೆ ಎಂಬ ಪಟ್ಟಿಯನ್ನು ಕಂಪನಿಯವರ ಸೈಟಿನಲ್ಲೇ ನೋಡಿ ಕೊಳ್ಳಬೇಕು. ಅಂಗಡಿಯವರ ಮಾತು ಕೇಳಿ ಅಲ್ಲ.

ಪರದೆ ಕಪ್ಪು, ಸಿಗ್ನಲ್ಲೇ ಇಲ್ಲ

ಮೊದಲು ರೆಕಾರ್ಡರ್ ಆನ್ ಮಾಡಿ, ಅದು ಪೂರ್ತಿ ಎದ್ದ ಮೇಲೆ ಕ್ಯಾಮೆರಾ ಆನ್ ಮಾಡಿ. ಎಚ್‌ಡಿಎಂಐನಲ್ಲಿ ಎರಡೂ ಕಡೆಯವು ಮೊದಲು ಮಾತಾಡಿಕೊಳ್ಳಬೇಕು. ನನಗೆ ಏನೇನು ತೆಗೆದುಕೊಳ್ಳಲು ಬರುತ್ತದೆ ಎಂದು ರೆಕಾರ್ಡರ್ ಹೇಳಬೇಕು, ಅದಕ್ಕೆ ತಕ್ಕ ಹಾಗೆ ಕ್ಯಾಮೆರಾ ಕೊಡಬೇಕು. ಆ ಮಾತುಕತೆ ಅರ್ಧಕ್ಕೆ ನಿಂತರೆ ಎಲ್ಲಾ ಸರಿ ಇದ್ದರೂ ಪರದೆ ಕಪ್ಪು.

ಆಗಲೂ ಬರದಿದ್ದರೆ ರೆಕಾರ್ಡರಿನ ಔಟ್ ಪೋರ್ಟಿಗೆ ಸಿಕ್ಕಿಸಿದ್ದನ್ನೆಲ್ಲಾ ಕಿತ್ತುಹಾಕಿ. ವೈರ್‌ಲೆಸ್ ಟ್ರಾನ್ಸ್‌ಮಿಟರ್, ನಿರ್ದೇಶಕರ ಮಾನಿಟರ್, ಎಲ್ಲವೂ. ಕ್ಯಾಮೆರಾ, ಒಂದು ಕೇಬಲ್, ರೆಕಾರ್ಡರ್. ಇಷ್ಟೇ ಇರಲಿ. ಚಿತ್ರ ಬಂದರೆ ಒಂದೊಂದನ್ನೇ ಮತ್ತೆ ಸೇರಿಸಿ. ಒಟ್ಟಿಗೆ ಎರಡನ್ನು ಬದಲಾಯಿಸಬೇಡಿ. ಬದಲಾಯಿಸಿದರೆ ಸರಿಯಾಗುವುದೇನೋ ಆಗಬಹುದು, ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ. ಮುಂದಿನ ಶೂಟಿಂಗ್‌ನಲ್ಲಿ ಮತ್ತೆ ಅದೇ ಗೋಳು.

ಆಮೇಲೆ ಕ್ಯಾಮೆರಾವನ್ನು 1080ಪಿ 25ಕ್ಕೆ, ಅಂದರೆ ಸೆಕೆಂಡಿಗೆ 25 ಫ್ರೇಮಿಗೆ, ಇಳಿಸಿ ನೋಡಿ. ಅಲ್ಲಿ ಚಿತ್ರ ಬಂದು 4ಕೆ 50ರಲ್ಲಿ ಬರದಿದ್ದರೆ ನೂರಕ್ಕೆ ತೊಂಬತ್ತು ಕೇಬಲ್ ಕಾರಣ. ಹೈ ಸ್ಪೀಡ್ ಎಂದು ಬರೆದ ಎಚ್‌ಡಿಎಂಐ ಕೇಬಲ್ ತಡೆಯುವುದು ಸೆಕೆಂಡಿಗೆ 10.2 ಗಿಗಾಬಿಟ್. 4ಕೆ 25ಕ್ಕೆ ಸಾಕು. 4ಕೆ 50, 60ಕ್ಕೆ 18 ಗಿಗಾಬಿಟ್ ತಡೆಯುವ ಪ್ರೀಮಿಯಂ ಹೈ ಸ್ಪೀಡ್ ಕೇಬಲ್ ಬೇಕು. ನೋಡಲು ಎರಡೂ ಒಂದೇ ತರ ಇರುತ್ತವೆ, ಅದೇ ತಲೆನೋವು. ನಾನು ನನ್ನ 18ರ ಕೇಬಲ್‌ಗಳಿಗೆ ಕೆಂಪು ಇನ್ಸುಲೇಶನ್ ಟೇಪು ಸುತ್ತಿಟ್ಟಿದ್ದೇನೆ.

ಚಿತ್ರ ಬಂತು, ಜೊತೆಗೆ ಐಎಸ್‌ಒ, ಬ್ಯಾಟರಿ ಗುರುತು, ಫೋಕಸ್ ಚೌಕ ಎಲ್ಲಾ ಬಂತು ಅಂದರೆ ಕ್ಯಾಮೆರಾ ಮೆನುವಿನಲ್ಲಿ ಎಚ್‌ಡಿಎಂಐ ಮಾಹಿತಿ ಪ್ರದರ್ಶನ ಆನ್ ಇದೆ. ಆಫ್ ಮಾಡಿ. ಸಣ್ಣ ಕೆಲಸ. ಆದರೆ ಒಂದು ಮದುವೆ ಪೂರ್ತಿ ಬ್ಯಾಟರಿ ಗುರುತಿನ ಸಮೇತ ರೆಕಾರ್ಡ್ ಆಗಿದ್ದನ್ನು ನೋಡಿದ್ದೇನೆ. ಧಾರೆ ಎರೆಯುವಾಗ ಬ್ಯಾಟರಿ 34 ಶೇಕಡಾ.

ತನ್ನಷ್ಟಕ್ಕೆ ನಿಲ್ಲುತ್ತದೆ

ಇಲ್ಲಿಂದ ಮುಂದೆ ಗಡಿಯಾರ ಬೇಕು. ನಿಂತ ಫೈಲುಗಳನ್ನೆಲ್ಲಾ ಸಾಲಾಗಿ ಇಟ್ಟು ಒಂದೊಂದರ ಉದ್ದ ಬರೆದುಕೊಳ್ಳಿ. ಮೊಬೈಲಿನಲ್ಲಿ ಬೇಡ, ಕಾಗದದ ಮೇಲೆ.

ಎಲ್ಲವೂ ಸರಿಯಾಗಿ 29 ನಿಮಿಷ 59 ಸೆಕೆಂಡಿಗೆ ನಿಂತಿವೆಯಾ? ಹಾಗಾದರೆ ನಿಮ್ಮ ಕ್ಯಾಮೆರಾ ಅರ್ಧ ಗಂಟೆಯ ಮಿತಿ ಇರುವ ಹಳೆಯದು. ರೆಕಾರ್ಡರ್‌ನಲ್ಲಿ ಟ್ರಿಗರ್, ಅಂದರೆ ಕ್ಯಾಮೆರಾ ಶುರುವಾದರೆ ಶುರುವಾಗುವ, ನಿಂತರೆ ನಿಲ್ಲುವ ಸೆಟ್ಟಿಂಗ್, ಆನ್ ಇದೆ. ಕ್ಯಾಮೆರಾ ತನ್ನ ಮಿತಿ ಮುಟ್ಟಿ ನಿಂತಿತು, ರೆಕಾರ್ಡರಿಗೂ ನಿಲ್ಲು ಎಂದಿತು, ಪಾಪ ಅದೂ ನಿಂತಿತು. ಈ ಮಿತಿ ದಾಟಲಿಕ್ಕೆಂದೇ ಎಷ್ಟೋ ಜನ ರೆಕಾರ್ಡರ್ ಕೊಳ್ಳುವುದು, ಆಮೇಲೆ ಟ್ರಿಗರ್ ಆನ್ ಮಾಡಿ ಅದೇ ಮಿತಿಗೆ ಕಟ್ಟಿಹಾಕುವುದು! ಟ್ರಿಗರ್ ಆಫ್ ಮಾಡಿ. ಕ್ಯಾಮೆರಾದಲ್ಲಿ ರೆಕಾರ್ಡ್ ಒತ್ತಲೇಬೇಡಿ, ರೆಕಾರ್ಡರ್‌ನಲ್ಲಿ ಕೈಯಿಂದ ಶುರು ಮಾಡಿ.

ಹಾಗೆ ಮಾಡಿದ ಮೇಲೆ ಬೀಳಲು ಇನ್ನೊಂದು ಹಳ್ಳ ಇದೆ. ಕ್ಯಾಮೆರಾ ತಾನು ರೆಕಾರ್ಡ್ ಮಾಡುತ್ತಿಲ್ಲ ಎಂದುಕೊಂಡು ಸ್ವಲ್ಪ ಹೊತ್ತಿಗೆ ನಿದ್ದೆ ಹೋಗಬಹುದು. ಫೈಲುಗಳು 5 ನಿಮಿಷ, 30 ನಿಮಿಷ ಹೀಗೆ ಗುಂಡಾದ ಲೆಕ್ಕಕ್ಕೆ ನಿಂತಿದ್ದರೆ ಪವರ್ ಸೇವ್ ಹುಡುಕಿ ಆಫ್ ಮಾಡಿ.

ಸೋನಿಯಲ್ಲಿ ಟ್ರಿಗರ್ ಕೆಲಸವೇ ಮಾಡುತ್ತಿಲ್ಲ ಎಂಬ ದೂರು ಇದಕ್ಕೆ ತದ್ವಿರುದ್ಧ. ಎಚ್‌ಡಿಎಂಐ ಸೆಟ್ಟಿಂಗ್‌ನಲ್ಲಿ ಮೊದಲು ಟೈಮ್‌ಕೋಡ್ (ಪ್ರತಿ ಫ್ರೇಮಿನ ಸಮಯದ ಗುರುತು) ಔಟ್‌ಪುಟ್ ಆನ್ ಆಗಬೇಕು. ಆಮೇಲೆ ರೆಕ್ ಕಂಟ್ರೋಲ್. ಮೊದಲನೆಯದು ಆಫ್ ಇದ್ದರೆ ಎರಡನೆಯದು ಸುಮ್ನೆ ಕೂತಿರುತ್ತದೆ.

ಇನ್ನು ಫೈಲುಗಳ ಉದ್ದ ಒಂದಕ್ಕೊಂದು ಹತ್ತಿರ ಇದೆ, ಆದರೆ ಲೆಕ್ಕ ಗುಂಡಾಗಿಲ್ಲ. 17 ನಿಮಿಷ, 18 ನಿಮಿಷ, ಮತ್ತೆ 17. ನಿಲ್ಲುವ ಮೊದಲು ಫ್ರೇಮ್ ಬಿಟ್ಟುಹೋಗಿದೆ ಎಂಬ ಎಚ್ಚರಿಕೆ ಬೇರೆ. ಇದು ಡಿಸ್ಕ್. 4ಕೆ 25ರಲ್ಲಿ ಪ್ರೊರೆಸ್ 422 ಎಚ್‌ಕ್ಯೂ ಅಂದರೆ ಸೆಕೆಂಡಿಗೆ 737 ಮೆಗಾಬಿಟ್, ಅಂದರೆ 92 ಎಂಬಿ. 50 ಫ್ರೇಮಿಗೆ ಹೋದರೆ 184 ಎಂಬಿ. ಡಬ್ಬದ ಮೇಲೆ 500 ಎಂದು ಬರೆದಿದೆಯಲ್ಲ ಎಂದು ಕೇಳಬಹುದು. ಆ 500 ಮೊದಲ ಓಟದ ವೇಗ. ಕಡಿಮೆ ಬೆಲೆಯ ಎಸ್‌ಎಸ್‌ಡಿಯಲ್ಲಿ ಒಂದು ಸಣ್ಣ ಭಾಗ ಮಾತ್ರ ಚುರುಕು. ಅದು ತುಂಬುವ ತನಕ ಓಡುತ್ತದೆ, ತುಂಬಿದ ಮೇಲೆ 100ರ ಕೆಳಗೂ ಇಳಿಯಬಹುದು. ಕಂಪ್ಯೂಟರ್‌ನಲ್ಲಿ ಫೋಟೊ ಹಾಕುವಾಗ ಇದು ಗೊತ್ತೇ ಆಗುವುದಿಲ್ಲ, ರೆಕಾರ್ಡರ್‌ನಲ್ಲಿ ಗೊತ್ತಾಗುತ್ತದೆ.

ಪರೀಕ್ಷೆ ಸುಲಭ. ಮನೆಯಲ್ಲಿ ಟೇಬಲ್ ಮೇಲೆ ಇಟ್ಟು ನಿಮ್ಮ ಅತಿ ದೊಡ್ಡ ಫಾರ್ಮ್ಯಾಟ್‌ನಲ್ಲಿ ಡಿಸ್ಕ್ ತುಂಬುವ ತನಕ ಬಿಡಿ. ಎಚ್‌ಕ್ಯೂನಲ್ಲಿ 4ಕೆ 25 ಗಂಟೆಗೆ ಸುಮಾರು 332 ಜಿಬಿ ತಿನ್ನುತ್ತದೆ, ಒಂದು ಟಿಬಿಗೆ ಮೂರು ಗಂಟೆ. ಕ್ಯಾಮೆರಾವನ್ನು ಕಿಟಕಿಯ ಕಡೆ ತಿರುಗಿಸಿ ಊಟ ಮಾಡಿ ಬನ್ನಿ. ಡಿಸ್ಕನ್ನು ಯಾವಾಗಲೂ ರೆಕಾರ್ಡರಿನಲ್ಲೇ ಫಾರ್ಮ್ಯಾಟ್ ಮಾಡಿ. ಕಂಪ್ಯೂಟರಿನಲ್ಲಿ ಬರೀ ಫೈಲ್ ಅಳಿಸಿ ಮತ್ತೆ ಹಾಕುವ ಅಭ್ಯಾಸ ಬಿಡಿ.

ನಿಜ ಹೇಳಬೇಕೆಂದರೆ ರಾತ್ರಿಯಿಡೀ ಆಟಕ್ಕೆ ನಾನು ಎಚ್‌ಕ್ಯೂ ಹಾಕುವುದೇ ಇಲ್ಲ. ಸಾದಾ 422 ಸೆಕೆಂಡಿಗೆ 492 ಮೆಗಾಬಿಟ್. ನೋಡುವವರಿಗೆ ವ್ಯತ್ಯಾಸ ಕಾಣಿಸಿದ್ದನ್ನು ನಾನು ಕಂಡಿಲ್ಲ, ಡಿಸ್ಕಿನ ಬೆಲೆಯ ವ್ಯತ್ಯಾಸ ನನಗೆ ಚೆನ್ನಾಗಿ ಕಾಣಿಸುತ್ತದೆ.

ಆ ಒಂಬತ್ತು ತುಂಡು

ನನ್ನ ತುಂಡುಗಳ ಲೆಕ್ಕ ಬೇರೆಯೇ ಇತ್ತು. 41 ನಿಮಿಷ, 3 ನಿಮಿಷ, ಒಂದೂಕಾಲು ಗಂಟೆ, 6 ನಿಮಿಷ. ತಲೆಬುಡ ಇಲ್ಲ. ಹೊಸ ಎಸ್‌ಎಸ್‌ಡಿ ಹಾಕಿದರೂ ಮುಂದಿನ ಆಟದಲ್ಲಿ ಮತ್ತೆ ಅದೇ. ಎಡಿಟ್‌ಗೆ ಕೂತಾಗ ನನ್ನ ಜೊತೆ ಲೈಟು ಹಿಡಿಯುವ ಹುಡುಗ ಪಕ್ಕದಲ್ಲಿದ್ದ. ನಾನು ಒಂದೊಂದು ತುಂಡಿನ ಕೊನೆಯ ಹತ್ತು ಸೆಕೆಂಡು ಮಾತ್ರ ಓಡಿಸುತ್ತಿದ್ದೆ. ನಾಲ್ಕನೆಯದಕ್ಕೆ ಅವನು ಹೇಳಿದ:

"ಅಣ್ಣಾ, ನೀವು ಬಲಗಡೆಗೆ ತಿರುಗಿಸುವಾಗ ಮಾತ್ರ ಹೋಗುವುದಲ್ವಾ?"

ಮತ್ತೆ ಮೊದಲಿನಿಂದ ನೋಡಿದೆವು. ಒಂಬತ್ತರಲ್ಲಿ ಎಂಟು ಬಲಗಡೆ ತಿರುಗುವಾಗಲೇ ಮುಗಿದಿದ್ದವು. ಅದೂ ಒಂದೇ ಕೋನ ದಾಟಿದ ಮೇಲೆ. ಭಾಗವತರ ಕಡೆ ಇರುವ ತನಕ ಏನೂ ಇಲ್ಲ. ಜನರ ನಡುವಿನಿಂದ ಯಾರಾದರೂ ಪ್ರವೇಶ ಮಾಡಿದರೆ ಕಪ್ಪು.

ಟ್ರೈಪಾಡ್ ತಲೆಗೆ ಭಾರ ಆಗಬಾರದು ಎಂದು ರೆಕಾರ್ಡರನ್ನು ನಾನು ಟ್ರೈಪಾಡ್ ಕಾಲಿಗೆ ಕಚ್ಚಿಸಿದ್ದೆ. ಕ್ಯಾಮೆರಾ ತಿರುಗುತ್ತದೆ, ಕಾಲು ತಿರುಗುವುದಿಲ್ಲ. ನಡುವೆ ಇದ್ದದ್ದು ಒಂದು ಗಿಡ್ಡ ಸುರುಳಿ ಕೇಬಲ್. ಕ್ಯಾಮೆರಾ ಕಡೆ ಅಕ್ಕಿ ಕಾಳಿನಷ್ಟು ಅಗಲದ ಮೈಕ್ರೊ ಎಚ್‌ಡಿಎಂಐ. ಒಂದು ಕೋನ ದಾಟಿದ ಕೂಡಲೇ ಸುರುಳಿ ಎಳೆಯುತ್ತಿತ್ತು, ಪಿನ್ನು ಕೂದಲೆಳೆಯಷ್ಟು ಹೊರಗೆ ಬರುತ್ತಿತ್ತು. ಕೈ ವಾಪಸ್ ಬಂದಾಗ ತಾನೇ ಒಳಗೆ ಹೋಗುತ್ತಿತ್ತು. ಒಂಬತ್ತನೆಯ ತುಂಡು ಮಾತ್ರ ಬೇರೆ, ಅದು ಬೆಳಗಿನ ಮಂಗಳಕ್ಕೆ ನಾನೇ ನಿಲ್ಲಿಸಿದ್ದು.

ಈಗ ರೆಕಾರ್ಡರ್ ಕ್ಯಾಮೆರಾದ ಕೇಜಿನ (ಸುತ್ತ ಹಾಕುವ ಲೋಹದ ಚೌಕಟ್ಟಿನ) ಮೇಲೇ ಕೂರುತ್ತದೆ, ಎರಡೂ ಒಟ್ಟಿಗೆ ತಿರುಗುತ್ತವೆ. ಕ್ಯಾಮೆರಾ ಕಡೆಯಲ್ಲಿ ಕೇಬಲ್ ಕ್ಲಾಂಪ್ ಇದೆ. ಸುರುಳಿ ಕೇಬಲ್ ಮನೆಯಲ್ಲೇ ಉಳಿದಿದೆ. ಮೈಕ್ರೊ ಪೋರ್ಟ್ ಇರುವ ಕ್ಯಾಮೆರಾದವರಿಗೆ ಇದು ಬೇಕೇ ಬೇಕು. ಎ7ಎಸ್ ತ್ರೀ, ಎಫ್‌ಎಕ್ಸ್3, ಕ್ಯಾನನ್ ಸಿ70 ಇವುಗಳಲ್ಲಿ ದೊಡ್ಡ ಅಳತೆಯ ಎಚ್‌ಡಿಎಂಐ ಇದೆ, ಅಷ್ಟರ ಮಟ್ಟಿಗೆ ಪುಣ್ಯವಂತರು.

ನಿಮ್ಮಲ್ಲೂ ತಲೆಬುಡ ಇಲ್ಲದ ಲೆಕ್ಕ ಸಿಕ್ಕಿದರೆ ರೆಕಾರ್ಡ್ ಆನ್ ಮಾಡಿ, ಕೇಬಲ್ಲಿನ ಎರಡೂ ತುದಿಯನ್ನು ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿ. ಮಿನುಗಿದ ತುದಿಯೇ ಕಳ್ಳ. ಬೇರೆ ಕೇಬಲ್ಲಿಗೂ ಅದೇ ತುದಿ ಮಿನುಗಿದರೆ ಪೋರ್ಟ್ ಸಡಿಲ. ಅದು ರಿಪೇರಿಯವರ ಕೆಲಸ, ಬೆಸುಗೆ ಹಾಕಲು ನೀವು ಕೂರಬೇಡಿ.

ಬಣ್ಣ ಸರಿ ಇಲ್ಲ

ರೆಕಾರ್ಡರ್ ಪರದೆಯಲ್ಲಿ ಚೆಂದ, ಕಂಪ್ಯೂಟರಿನಲ್ಲಿ ಮಂಕು. ಮೊದಲು ಲಟ್ (ಲಾಗ್ ಚಿತ್ರಕ್ಕೆ ಬಣ್ಣ ತುಂಬಿ ತೋರಿಸುವ ಕೋಷ್ಟಕ) ನೋಡಿ. ರೆಕಾರ್ಡರ್ ತೋರಿಸುತ್ತಿದ್ದದ್ದು ಲಟ್ ಹಾಕಿದ ಚಿತ್ರ, ಬರೆದದ್ದು ಲಾಗ್. ಅದು ದೋಷವಲ್ಲ, ಆಗಬೇಕಾದದ್ದೇ ಅದು. ಉಲ್ಟಾ ಆದರೆ ಮಾತ್ರ ಕಷ್ಟ. ಲಟ್ ಫೈಲಿನೊಳಗೇ ಬೆಂದುಹೋದರೆ ತೆಗೆಯಲು ಬರುವುದಿಲ್ಲ. ಒಮ್ಮೆ ಬೆಂದ ಅನ್ನ ಮತ್ತೆ ಅಕ್ಕಿಯಾಗುವುದಿಲ್ಲ.

ಲಟ್ ಸರಿ ಇದ್ದೂ ಕಪ್ಪು ತೀರಾ ಕಪ್ಪಾಗಿ ಬಿಳಿ ಸುಟ್ಟುಹೋಗಿದ್ದರೆ, ಅಥವಾ ಎಲ್ಲಾ ಬೂದಿಬೂದಿಯಾಗಿದ್ದರೆ, ಲೆವೆಲ್ ಗೊಂದಲ. 8 ಬಿಟ್‌ನಲ್ಲಿ ಹೇಳುವುದಾದರೆ ಒಬ್ಬರು 16ರಿಂದ 235ರ ತನಕ ಎಣಿಸುತ್ತಾರೆ, ಇನ್ನೊಬ್ಬರು 0ಯಿಂದ 255. ಎಲ್ಲಿ ತಪ್ಪಿದೆ ಎಂದು ನೋಡಲು ಸೋನಿಯ ಎಸ್-ಲಾಗ್3 ಹಾಕಿ, ಲಟ್ ಆಫ್ ಮಾಡಿ, ಲೆನ್ಸ್ ಮುಚ್ಚಳ ಹಾಕಿ. ವೇವ್‌ಫಾರ್ಮ್‌ನಲ್ಲಿ (ಚಿತ್ರದ ಬೆಳಕನ್ನು ಅಳೆದು ತೋರಿಸುವ ನಕ್ಷೆಯಲ್ಲಿ) ಗೆರೆ ಸುಮಾರು 3.5 ಶೇಕಡಾದಲ್ಲಿ ಕೂರಬೇಕು. ಮುಚ್ಚಳ ತೆಗೆದು 18 ಶೇಕಡಾ ಬೂದು ಕಾರ್ಡನ್ನು ಸರಿಯಾದ ಎಕ್ಸ್‌ಪೋಶರ್‌ನಲ್ಲಿ ಹಿಡಿದರೆ 41. ಅದೇ ಫೈಲನ್ನು ಎಡಿಟಿಂಗ್ ಸಾಫ್ಟ್‌ವೇರಿನ ವೇವ್‌ಫಾರ್ಮ್‌ನಲ್ಲಿ ನೋಡಿ. ಅಂಕಿ ಅದೇ ಇದ್ದರೆ ದೋಷ ನಿಮ್ಮ ಮಾನಿಟರಿನದ್ದು. ಬದಲಾಗಿದ್ದರೆ ಸಾಫ್ಟ್‌ವೇರಿನಲ್ಲಿ ಆ ಕ್ಲಿಪ್ಪಿನ ಲೆವೆಲ್ ಬದಲಾಯಿಸಿ. ಮರು ಶೂಟಿಂಗ್ ಬೇಡ.

ಚಲಿಸುವ ಅಂಚುಗಳಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಕಂಡರೆ ಇಂಟರ್‌ಲೇಸ್ ಕಥೆ, ಅಂದರೆ ಒಂದೊಂದು ಫ್ರೇಮನ್ನು ಎರಡು ಅರ್ಧ ಮಾಡಿ ಕಳಿಸುವುದು (50ಐಯ 'ಐ' ಅದೇ, 25ಪಿಯ 'ಪಿ' ಪೂರ್ತಿ ಫ್ರೇಮು). ಹಳೆ ಕ್ಯಾಮೆರಾಗಳು 25ಪಿಯನ್ನು 50ಐ ವೇಷ ಹಾಕಿಸಿ ಕಳಿಸುತ್ತವೆ. ಒಳಗೆ ಪೂರ್ತಿ ಫ್ರೇಮೇ ಇರುತ್ತದೆ, ಎಡಿಟಿಂಗ್‌ನಲ್ಲಿ ಪ್ರೋಗ್ರೆಸಿವ್ ಎಂದು ಹೇಳಿಕೊಟ್ಟರೆ ಮುಗಿಯಿತು. 24ಪಿಯನ್ನು 60ಐನಲ್ಲಿ ಕಳಿಸುವ ಕ್ಯಾಮೆರಾ ಆದರೆ ರೆಕಾರ್ಡರ್‌ನಲ್ಲಿ ಪುಲ್‌ಡೌನ್ (ಲೆಕ್ಕ ಸರಿಹೋಗಲು ಮತ್ತೆ ಮತ್ತೆ ಸೇರಿಸಿದ ಅರ್ಧ ಫ್ರೇಮುಗಳು) ತೆಗೆಯುವ ಆಯ್ಕೆ ಇರುತ್ತದೆ, ಅದನ್ನು ಶೂಟಿಂಗ್‌ಗೆ ಮೊದಲೇ ಆನ್ ಮಾಡಬೇಕು.

ತುಟಿ ಒಂದು ಕಡೆ, ಮಾತು ಒಂದು ಕಡೆ

ಮೈಕನ್ನು ಕ್ಯಾಮೆರಾಕ್ಕೆ ಕೊಟ್ಟರೆ ಶಬ್ದವೂ ಚಿತ್ರವೂ ಒಂದೇ ಕೇಬಲ್‌ನಲ್ಲಿ ಬರುತ್ತವೆ, ಸಾಮಾನ್ಯವಾಗಿ ತಕರಾರಿಲ್ಲ. ಸೌಂಡ್ ಮಿಕ್ಸರಿನಿಂದ ಲೈನ್ ತಂದು ನೇರ ರೆಕಾರ್ಡರಿಗೆ ಕೊಟ್ಟರೆ ಶಬ್ದ ಮುಂದೆ ಓಡುತ್ತದೆ. ಯಾಕೆಂದರೆ ಚಿತ್ರ ಕ್ಯಾಮೆರಾದೊಳಗೆ ಅಡುಗೆಯಾಗಿ ಬರಬೇಕು, ಶಬ್ದಕ್ಕೆ ಅಂಥ ಕೆಲಸ ಇಲ್ಲ. ಕ್ಯಾಮೆರಾ ಮುಂದೆ ನಿಂತು ಮಿಕ್ಸರಿನ ಮೈಕಿನ ಹತ್ತಿರ ಚಪ್ಪಾಳೆ ತಟ್ಟಿ, ಎಷ್ಟು ಫ್ರೇಮ್ ವ್ಯತ್ಯಾಸ ಎಂದು ಎಣಿಸಿ. 25ರಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಮೂರು ಫ್ರೇಮ್ ಇದ್ದರೆ ರೆಕಾರ್ಡರಿನ ಆಡಿಯೊ ಡಿಲೇಯಲ್ಲಿ 120 ಹಾಕಿ. ಯಕ್ಷಗಾನದಲ್ಲಿ ಇದು ಬೇಗ ಗೊತ್ತಾಗುತ್ತದೆ, ಚೆಂಡೆ ಕೋಲು ಬೀಳುವ ಮೊದಲೇ ಪೆಟ್ಟು ಕೇಳಿಸುತ್ತದೆ.

ಎಸ್‌ಡಿಐ ಇರುವವರಿಗೆ

ಎಸ್‌ಡಿಐ ಕೇಬಲ್ಲಿನ ತುದಿಯ ಬಿಎನ್‌ಸಿ, ತಿರುಗಿಸಿ ಕಚ್ಚಿಕೊಳ್ಳುವ ಕನೆಕ್ಟರ್. ನನ್ನ ಹಾಗೆ ಎಳೆದಾಡಿದರೂ ಬಿಡುವುದಿಲ್ಲ. ಆದರೆ ಕೇಬಲ್ 75 ಓಮ್‌ನದ್ದೇ ಇರಲಿ. 12ಜಿ (ಸೆಕೆಂಡಿಗೆ ಸುಮಾರು 12 ಗಿಗಾಬಿಟ್) ಪೋರ್ಟಿಗೆ ಹಳೆಯ ಕೇಬಲ್ ಹಾಕಿ 4ಕೆ 50ರಲ್ಲಿ ಚಿತ್ರ ಮಿನುಗುತ್ತದೆ ಎಂದರೆ ಆಶ್ಚರ್ಯವಿಲ್ಲ. 3ಜಿ 1080ಪಿ 60ರ ತನಕ, 6ಜಿ 4ಕೆ 30ರ ತನಕ, 12ಜಿ 4ಕೆ 60ರ ತನಕ.

ಎಸ್‌ಡಿಐನಲ್ಲಿ ಹೆದರಬೇಕಾದ್ದು ಬೇರೆ. ಕ್ಯಾಮೆರಾಕ್ಕೂ ರೆಕಾರ್ಡರಿಗೂ ಒಂದೇ ವಿ-ಮೌಂಟ್ (ದೊಡ್ಡ) ಬ್ಯಾಟರಿಯಿಂದ ಡಿ-ಟ್ಯಾಪ್‌ನಲ್ಲಿ, ಅಂದರೆ ಅದರ ಎರಡು ಪಿನ್ನಿನ ಪವರ್ ಸಾಕೆಟ್‌ನಲ್ಲಿ, ಪವರ್ ಕೊಡುತ್ತೀರಿ. ಡಿ-ಟ್ಯಾಪ್ ಕಚ್ಚಿಕೊಳ್ಳುವುದಿಲ್ಲ. ಅದರ ನೆಗೆಟಿವ್ ಪಿನ್ ಸಡಿಲವಾದರೆ ರೆಕಾರ್ಡರಿನ ಕರೆಂಟು ವಾಪಸ್ ಹೋಗಲು ಎಸ್‌ಡಿಐ ಕೇಬಲ್ಲಿನ ಹೊರ ಹೆಣಿಗೆಯನ್ನು ಹಿಡಿಯುತ್ತದೆ. ಕ್ಯಾಮೆರಾದ ಎಸ್‌ಡಿಐ ಚಿಪ್ಪು ಸುಟ್ಟುಹೋಗುವುದು ಹಾಗೆ. ಸುಟ್ಟ ಮೇಲೆ ಕ್ಯಾಮೆರಾ ಎಲ್ಲಾ ಕೆಲಸ ಮಾಡುತ್ತದೆ, ಎಸ್‌ಡಿಐ ಮಾತ್ರ ಸತ್ತಿರುತ್ತದೆ. ಎಷ್ಟು ಕೇಬಲ್ ಬದಲಾಯಿಸಿದರೂ ಪ್ರಯೋಜನವಿಲ್ಲ. ಜೋಡಿಸುವಾಗ ಮೊದಲು ಪವರ್, ಆಮೇಲೆ ಎಸ್‌ಡಿಐ. ಕಳಚುವಾಗ ಮೊದಲು ಎಸ್‌ಡಿಐ, ಆಮೇಲೆ ಪವರ್. ಸಹಾಯಕರಿಗೆ ಇದನ್ನು ಬಾಯಿಪಾಠ ಮಾಡಿಸಿ.

ಕರೆಂಟು ಹೋಯಿತು, ಫೈಲ್ ತೆರೆಯುತ್ತಿಲ್ಲ

ಬಯಲಿನಲ್ಲಿ ಜನರೇಟರ್ ಬದಲಾಯಿಸುವಾಗ ಅರ್ಧ ಸೆಕೆಂಡು ಕರೆಂಟು ಹೋಗುತ್ತದೆ. ಲೈಟು ಮಿನುಗಿ ಮತ್ತೆ ಹತ್ತಿಕೊಳ್ಳುತ್ತದೆ, ಯಾರೂ ಗಮನಿಸುವುದಿಲ್ಲ. ಅಡಾಪ್ಟರ್ ಮೇಲೆ ಓಡುತ್ತಿದ್ದ ರೆಕಾರ್ಡರ್ ಮಾತ್ರ ಸತ್ತು ಮತ್ತೆ ಹುಟ್ಟಿರುತ್ತದೆ. ಬರೆಯುತ್ತಿದ್ದ ಫೈಲ್ ಮುಚ್ಚಿರುವುದಿಲ್ಲ. ಹಾಗಾಗಿ ನಾನು ಅಡಾಪ್ಟರನ್ನು ನಂಬುವುದಿಲ್ಲ. ಎನ್‌ಪಿ-ಎಫ್970 ಬ್ಯಾಟರಿಗಳನ್ನು ಸಾಲಾಗಿ ಇಟ್ಟುಕೊಂಡು, ಕಾಲಂಶ ಉಳಿದಿರುವಾಗಲೇ, ಪದ್ಯ ಮುಗಿದು ಅರ್ಥಗಾರಿಕೆ ಶುರುವಾಗುವ ಜಾಗ ನೋಡಿ, ರೆಕಾರ್ಡ್ ನಿಲ್ಲಿಸಿ ಬದಲಾಯಿಸುತ್ತೇನೆ. ಕಡಿಮೆ ಬೆಲೆಯ ಬ್ಯಾಟರಿಯ ಶೇಕಡಾವನ್ನು ನಂಬಬೇಡಿ. 30 ತೋರಿಸುತ್ತಾ ಇದ್ದದ್ದು ಮರುಕ್ಷಣ ಸೊನ್ನೆಗೆ ಬೀಳುತ್ತದೆ.

ಮುಚ್ಚದ ಫೈಲ್ ಸಿಕ್ಕಿದರೆ ಡಿಸ್ಕನ್ನು ತಕ್ಷಣ ಪಕ್ಕಕ್ಕಿಡಿ. ಅದಕ್ಕೆ ಹೊಸದೇನೂ ಬರೆಯಬೇಡಿ. ಕಂಪ್ಯೂಟರಿಗೆ ಹಾಕಿದಾಗ ಫಾರ್ಮ್ಯಾಟ್ ಮಾಡಬೇಕಾ ಎಂದು ಕೇಳುತ್ತದೆ, ಬೇಡ ಅನ್ನಿ. ಇನ್ನೊಂದು ಡಿಸ್ಕ್ ಹಾಕಿ ಆಟ ಮುಗಿಸಿ. ಮನೆಗೆ ಬಂದ ಮೇಲೆ, ತುಂಬಿದ ಬ್ಯಾಟರಿ ಹಾಕಿ, ಆ ಡಿಸ್ಕನ್ನು ಅದೇ ರೆಕಾರ್ಡರಿಗೆ ಸಿಕ್ಕಿಸಿ ಆನ್ ಮಾಡಿ. ಎಷ್ಟೋ ರೆಕಾರ್ಡರ್‌ಗಳು ಅರ್ಧಕ್ಕೆ ನಿಂತ ಫೈಲನ್ನು ಗುರುತಿಸಿ ಸರಿಮಾಡಿಕೊಡುತ್ತವೆ. ಆ ಕೆಲಸ ನಡೆಯುವಾಗ ಪರದೆ ಅಲ್ಲಾಡದೆ ನಿಂತ ಹಾಗೆ ಕಾಣಬಹುದು. ಆಫ್ ಮಾಡಲು ಕೈ ಹೋಗುತ್ತದೆ. ಕೈ ಕಟ್ಟಿ ಕೂತುಕೊಳ್ಳಿ.